ಗ್ರೈಂಡರ್ ಇರುವ ಕಾಫಿ ಮೆಷಿನ್ ಜೊತೆ ಮೂರು ವರ್ಷ

ನಮ್ಮೂರು ಮೂಡಿಗೆರೆ ಕಡೆ. ಅಡುಗೆಮನೆಯ ಕಟ್ಟೆಯ ಅಂಚಿಗೆ ಬಿಗಿದಿದ್ದ, ಕೈಯಲ್ಲಿ ತಿರುಗಿಸುವ ಕಾಫಿ ಮಿಲ್ಲಿನ ಸದ್ದು ಕೇಳಿಕೊಂಡೇ ಬೆಳೆದವನು ನಾನು. ವಾರಕ್ಕೊಮ್ಮೆ ಅಮ್ಮ ಬಾಣಲೆಯಲ್ಲಿ ಬೀಜ ಹುರಿಯುತ್ತಿದ್ದಳು, ಹಿಡಿ ತಿರುಗಿಸುವ ಕೆಲಸ ಮಕ್ಕಳದು. ಬೆಂಗಳೂರಿಗೆ ಬಂದ ಮೇಲೆ ಅದೆಲ್ಲ ನಿಂತುಹೋಯಿತು. ಇಪ್ಪತ್ತು ವರ್ಷ ಅಂಗಡಿಯಲ್ಲಿ ಪುಡಿ ಮಾಡಿಸಿ ತಂದು, ಡಬ್ಬಿಯ ತಳ ಕಾಣುವ ಹೊತ್ತಿಗೆ ಅದರ ಘಮ ಸತ್ತಿರುತ್ತದೆ ಎಂದು ಗೊತ್ತಿದ್ದೂ ಕುಡಿದೆ. ಮೂರು ವರ್ಷದ ಹಿಂದೆ ಗ್ರೈಂಡರ್ ಒಳಗೇ ಇರುವ ಎಸ್ಪ್ರೆಸೊ ಮೆಷಿನ್, ಅಂದರೆ ಬಿಸಿನೀರನ್ನು ಒತ್ತಡದಿಂದ ಪುಡಿಯೊಳಗೆ ಹಾಯಿಸಿ ಗಟ್ಟಿ ಕಾಫಿ ಇಳಿಸುವ ಯಂತ್ರ, ಕೊಂಡದ್ದು ಆ ಘಮಕ್ಕಾಗಿ.

ಮೇಲೆ ಕಾಲು ಕೆಜಿ ಬೀಜ ಹಿಡಿಯುವ ಹಾಪರ್. ಅದರ ಕೆಳಗೆ ಬೀಜ ಅರೆಯುವ, ಹಲ್ಲುಗಳಿರುವ ಉಕ್ಕಿನ ಎರಡು ಬರ್‌ಗಳು, ಒಂದರೊಳಗೆ ಒಂದು ಕೂತಿರುತ್ತವೆ. ಬೀಸುವ ಕಲ್ಲಿನದೇ ಲೆಕ್ಕ: ಎರಡರ ನಡುವಿನ ಸಂದು ಎಷ್ಟೋ ಪುಡಿ ಅಷ್ಟು. ಮಿಕ್ಸಿಯ ಬ್ಲೇಡು ಬೀಜವನ್ನು ಕಂಡಕಂಡಲ್ಲಿ ಕತ್ತರಿಸುವುದರಿಂದ ಒಂದಿಷ್ಟು ಧೂಳಾಗುತ್ತದೆ, ಒಂದಿಷ್ಟು ರವೆಯಂತೆ ಉಳಿಯುತ್ತದೆ. ಧೂಳಿನಿಂದ ಕಹಿ ಇಳಿಯುತ್ತದೆ, ದಪ್ಪ ಚೂರು ಹುಳಿಯಲ್ಲೇ ನಿಂತುಬಿಡುತ್ತದೆ, ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಬರ್ ಇರುವ ಗ್ರೈಂಡರಿನಲ್ಲಿ ಪುಡಿ ಹೆಚ್ಚುಕಡಿಮೆ ಒಂದೇ ಸಮ ಬೀಳುತ್ತದೆ. ಈ ಮೆಷಿನ್ನಿಗೆ ಕೊಡುವ ದುಡ್ಡಿನಲ್ಲಿ ಮುಕ್ಕಾಲು ಪಾಲು ಗ್ರೈಂಡರಿಗೇ ಎಂದು ಈಗ ನನಗೆ ಖಾತ್ರಿಯಾಗಿದೆ. ಪಂಪು, ಬಾಯ್ಲರು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ. ನಿತ್ಯ ನಿಗಾ ಬೇಕಾದದ್ದು ಗ್ರೈಂಡರಿಗೆ.

ಮೊದಲ ವಾರದ ಕಾಫಿ ಯಾರಿಗೂ ಹಿಡಿಸಲಿಲ್ಲ. ಹನ್ನೆರಡು ಸೆಕೆಂಡಿಗೆ ಸುರಿದುಹೋದ ತೆಳ್ಳನೆಯ ಹುಳಿ ನೀರು. ಪುಡಿ ನುಣ್ಣಗೆ ಮಾಡಿದರೆ ಒಂದೊಂದೇ ಹನಿ ತೊಟ್ಟಿಕ್ಕಿ ಬಾಯಿ ಸುಡುವ ಕಹಿ. ಆಮೇಲೆ ಒಂದು ಪುಟ್ಟ ತಕ್ಕಡಿ ತಂದೆ, ಗ್ರಾಂನ ಹತ್ತನೇ ಒಂದು ಭಾಗ ತೋರಿಸುವಂಥದ್ದು. ಅಲ್ಲಿಂದ ದಾರಿ ಸಿಕ್ಕಿತು. 18 ಗ್ರಾಂ ಪುಡಿ ಹಾಕಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸಬೇಕು. ಸುಮಾರು 9 ಬಾರ್ ಒತ್ತಡ, 93 ಡಿಗ್ರಿ ಆಸುಪಾಸಿನ ನೀರು, ಇವೆರಡನ್ನೂ ಮೆಷಿನ್ ನೋಡಿಕೊಳ್ಳುತ್ತದೆ. ಬೇಗ ಇಳಿದರೆ ಗ್ರೈಂಡರಿನ ಡಯಲ್ಲನ್ನು ಒಂದು ನಂಬರ್ ಇಳಿಸಿ ನುಣ್ಣಗೆ, ತಡವಾದರೆ ಒಂದು ನಂಬರ್ ಏರಿಸಿ ತರಿ. ಪುಡಿಯ ತೂಕವನ್ನೂ ನಂಬರನ್ನೂ ಒಂದೇ ದಿನ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಒಂದನ್ನು ಮುಟ್ಟಿದ ದಿನ ಇನ್ನೊಂದನ್ನು ಮುಟ್ಟಬಾರದು.

ಸರಿಯಾದ ನಂಬರು ಸಿಕ್ಕಿತು, ಇನ್ನು ನೆಮ್ಮದಿ ಅಂದುಕೊಂಡೆ. ಎರಡು ವಾರಕ್ಕೆ ಅದೇ ನಂಬರಿನಲ್ಲಿ ಕಾಫಿ ಮತ್ತೆ ಸರ್ರನೆ ಇಳಿಯತೊಡಗಿತು. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಇರುತ್ತದೆ, ದಿನ ಕಳೆದಂತೆ ಅದು ಹೊರಹೋಗುತ್ತದೆ. ಬೀಜ ಹಳತಾದಷ್ಟೂ ನೀರಿಗೆ ತಡೆ ಕಡಿಮೆ, ಪುಡಿ ಇನ್ನಷ್ಟು ನುಣ್ಣಗಾಗಬೇಕು. ತೀರಾ ಹೊಸದಾದರೂ ಕಷ್ಟ: ಗ್ಯಾಸು ನುಗ್ಗಿ ನೊರೆ ಮಾತ್ರ ಎದ್ದು ಕಾಣುತ್ತದೆ, ರುಚಿ ಕೂತಿರುವುದಿಲ್ಲ. ಹಾಗಾಗಿ ಹುರಿದ ದಿನಾಂಕ ಬರೆದಿರುವ ಪ್ಯಾಕೆಟ್ಟನ್ನೇ ಕೊಳ್ಳುತ್ತೇನೆ. ಎಂಟನೇ ದಿನ ಒಡೆದು, ತಿಂಗಳೊಳಗೆ ಮುಗಿಸುತ್ತೇನೆ. ಅಷ್ಟರಲ್ಲಿ ನಂಬರು ಎರಡು ಸಲವಾದರೂ ಇಳಿಯುತ್ತದೆ. ಡಯಲ್ಲನ್ನು ನುಣ್ಣನೆಯ ಕಡೆಗೆ ತಿರುಗಿಸುವಾಗ ಗ್ರೈಂಡರ್ ಓಡುತ್ತಿರಬೇಕು ಅನ್ನುವುದೂ ಮುಖ್ಯ. ನಿಂತಿರುವಾಗ ತಿರುಗಿಸಿದರೆ ನಡುವಿನ ಬೀಜಗಳು ಸಿಕ್ಕಿ ಬರ್ ಬಿಗಿದುಕೊಳ್ಳುತ್ತದೆ.

ಇನ್ನು ಬೀಜದ ಜೊತೆ ಬಂದ ಕಲ್ಲಿನ ಕಥೆ. ಒಂದು ಸಂಕ್ರಾಂತಿಗೆ ಊರಿಂದ ಅಮ್ಮ ಬಂದಳು, ಜೊತೆಗೆ ನಮ್ಮದೇ ತೋಟದ ಎರಡು ಕೆಜಿ ರೋಬಸ್ಟಾ ಜಾತಿಯ ಬೀಜ. ಮನೆಯಲ್ಲೇ ಹುರಿದು ತಣ್ಣಗಾಗಿಸಿದೆವು. ವಾರ ಬಿಟ್ಟು ನಾನು ಡಬ್ಬಿಯಿಂದ ನೇರ ಹಾಪರಿಗೆ ಸುರಿಯುತ್ತಿದ್ದರೆ ಅಮ್ಮ ಹೇಳಿದಳು, "ಅಲ್ಲ ಕಣೋ, ನೋಡದೇನೇ ಸುರೀತೀಯಲ್ಲ? ಒಂದ್ಸಲ ತಟ್ಟೇಲಿ ಹಾಕಿ ಆರಿಸ್ಬಾರ್ದಾ?" ನಾನು ಕೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಟ್ ಎಂದು ಸದ್ದಾಯಿತು, ಮೋಟಾರು ಗುಂಯ್ ಎಂದು ನಿಂತುಬಿಟ್ಟಿತು.

ಸರ್ವೀಸಿನವರು ಬರಲು ಒಂಬತ್ತು ದಿನ ಎಂದರು. ಪ್ಲಗ್ ಕಿತ್ತು ನಾನೇ ಬಿಚ್ಚಿದೆ. ಹಾಪರ್ ತೆಗೆದು, ಬೀಜ ಬಗ್ಗಿಸಿ, ಮೇಲಿನ ಬರ್ ಸಡಿಲಿಸಿ ಎತ್ತಿದರೆ ಹಲ್ಲಿನ ಸಂದಿನಲ್ಲಿ ಹೆಸರುಕಾಳಿನಷ್ಟು ಕಲ್ಲು. ಕಣದಲ್ಲಿ ಒಣಗಿಸಿ, ಊರ ಮಿಲ್ಲಿನಲ್ಲಿ ಸಿಪ್ಪೆ ಬಿಡಿಸಿ ತಂದ ಬೀಜ ಅದು. ಬೀಜ ಸಂಸ್ಕರಿಸುವ ಕಾರ್ಖಾನೆಯಾದ ಕ್ಯೂರಿಂಗ್ ವರ್ಕ್ಸಿನಲ್ಲಿ ಕಲ್ಲು ಬೇರ್ಪಡಿಸುವ ಯಂತ್ರವಿರುತ್ತದೆ, ಈ ಬೀಜ ಆ ಕಡೆ ಹೋಗಿರಲೇ ಇಲ್ಲ. ಹುರಿದ ಮೇಲೆ ಕಲ್ಲೂ ಬೀಜವೂ ಒಂದೇ ಬಣ್ಣ. ಕೈಮಿಲ್ಲಿನ ಕಾಲದಲ್ಲಿ ಕಲ್ಲು ಸಿಕ್ಕಿದರೆ ಹಿಡಿ ತಿರುಗುತ್ತಿರಲಿಲ್ಲ, ಕೈಗೇ ಗೊತ್ತಾಗುತ್ತಿತ್ತು. ಮೋಟಾರಿಗೆ ಆ ಕೈ ಇಲ್ಲ. ಒಂದು ಹಲ್ಲಿನ ಅಂಚು ಕೊಂಚ ಮುಕ್ಕಾಯಿತು, ಅದೃಷ್ಟಕ್ಕೆ ಪುಡಿ ಕೆಡಲಿಲ್ಲ. ಅಂದಿನಿಂದ ಅಂಗಡಿಯ ಬೀಜವಾದರೂ ಸರಿ, ಬಿಳಿ ತಟ್ಟೆಯಲ್ಲಿ ಹರಡಿ ಅಕ್ಕಿ ಆರಿಸಿದಂತೆ ಆರಿಸಿಯೇ ಹಾಕುವುದು.

ಬಿಚ್ಚುವುದು ಗೊತ್ತಾದದ್ದು ಒಳ್ಳೆಯದೇ ಆಯಿತು. ಈಗ ಹದಿನೈದು ದಿನಕ್ಕೊಮ್ಮೆ ಬರ್ ಎತ್ತಿ ಬ್ರಷ್ಷಿನಿಂದ ಗುಡಿಸುತ್ತೇನೆ. ಕಪ್ಪಗೆ ಹುರಿದು ಎಣ್ಣೆ ಮಿನುಗುವ ಬೀಜ ಹಾಕಿದ ತಿಂಗಳಲ್ಲಿ ಪುಡಿ ಅಂಟಂಟಾಗಿ ದಾರಿಯಲ್ಲೇ ಕಟ್ಟಿಕೊಂಡಿತ್ತು, ಜಿಡ್ಡಿನ ಹಳಸು ವಾಸನೆಯೂ ಇತ್ತು. ನಡು ಹುರಿಯ ಬೀಜಕ್ಕೆ ಆ ತೊಂದರೆ ಇಲ್ಲ. ಒಣ ಅಕ್ಕಿ ಹಾಕಿ ಓಡಿಸಿದರೆ ಶುದ್ಧವಾಗುತ್ತದೆ ಎಂದು ಒಬ್ಬರು ಹೇಳಿದರು. ಅಕ್ಕಿ ಕಾಫಿ ಬೀಜಕ್ಕಿಂತ ಗಟ್ಟಿ, ಹಾಗೆ ಮಾಡಲು ನನಗೆ ಮನಸ್ಸು ಬರಲಿಲ್ಲ. ಬೆಳಗಿನ ಮೊದಲ ಎರಡು ಗ್ರಾಂ ಪುಡಿಯನ್ನು ಗಿಡಕ್ಕೆ ಹಾಕುತ್ತೇನೆ, ಏಕೆಂದರೆ ಅದು ನಿನ್ನೆಯದು, ಗ್ರೈಂಡರಿನೊಳಗೇ ಉಳಿದದ್ದು.

ಯಾರು ಕೇಳಿದರೂ ಒತ್ತಿ ಹೇಳುವ ಮಾತೊಂದಿದೆ: ಚಿಕೋರಿಯನ್ನು ಈ ಹಾಪರಿಗೆ ಹಾಕಬೇಡಿ. ಅದು ಹುರಿದ ಬೇರು, ಅದರಲ್ಲಿ ಸಕ್ಕರೆಯ ಅಂಶ ಹೆಚ್ಚು. ಗಾಳಿಯ ತೇವ ಹೀರಿ ಅಂಟಾಗುತ್ತದೆ. ಚಿಕೋರಿ ಬೆರೆತ ಪುಡಿಯನ್ನು ಪೋರ್ಟಾಫಿಲ್ಟರಿಗೆ, ಅಂದರೆ ಪುಡಿ ಹಾಕಿ ಮೆಷಿನ್ನಿಗೆ ಸಿಕ್ಕಿಸುವ ಹಿಡಿಯುಳ್ಳ ಜಾಲರಿ ಬಟ್ಟಲಿಗೆ, ತುಂಬಿ ನೋಡಿದೆ, ನೀರು ಹಾದುಹೋಗಲೇ ಇಲ್ಲ. ಆದರೆ ಹಾಲಿನ ಕಾಫಿ ಕುಡಿಯುವ ನಮಗೆ ಆ ಮಂದ, ಆ ಬಣ್ಣ ಬೇಕು. ಅದನ್ನು ನಾನು ಬೀಜದಲ್ಲೇ ಹುಡುಕಿಕೊಂಡೆ. ಬರೀ ಅರೇಬಿಕಾ ಜಾತಿಯ ಬೀಜ ಹಾಲಿನಲ್ಲಿ ಕಳೆದುಹೋಗುತ್ತಿತ್ತು. ಎಪ್ಪತ್ತು ಪಾಲು ಪೀಬೆರಿ (ಹಣ್ಣಿನಲ್ಲಿ ಒಂದೇ ಇರುವ ದುಂಡು ಬೀಜ) ಅರೇಬಿಕಾ, ಮೂವತ್ತು ಪಾಲು ಚೆನ್ನಾಗಿ ಸಂಸ್ಕರಿಸಿದ ರೋಬಸ್ಟಾ ಬೆರೆಸಿದಾಗ ನಾಲಿಗೆಗೆ ತೂಕ ಸಿಕ್ಕಿತು, ನೊರೆಯೂ ದಟ್ಟವಾಯಿತು. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರೋಬಸ್ಟಾವೇ, ಅದರಲ್ಲೂ ಬಹುಪಾಲು ಕರ್ನಾಟಕದ್ದೇ. ಅದನ್ನು ಕೀಳಾಗಿ ನೋಡುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಹಾಲು ಕಾಯಿಸಲು ಮೆಷಿನ್ನಿನ ಸ್ಟೀಮ್ ಬಳಸುವುದು ಬಿಟ್ಟೆ. ಕೆಫೆಯವರು 60, 65 ಡಿಗ್ರಿಗೆ ನಿಲ್ಲಿಸುತ್ತಾರೆ, ನಮ್ಮ ಮನೆಯಲ್ಲಿ ಅದು ಆರಿದ ಕಾಫಿ. ಒಲೆಯ ಮೇಲೆ ಉಕ್ಕಿಸಿದ ಹಾಲೇ ಸರಿ.

ನೀರಿನದು ಬೇರೆಯೇ ತಲೆನೋವು. ನಮ್ಮ ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ವಾರಕ್ಕೆ ಎರಡು ದಿನ, ಉಳಿದ ದಿನ ಬೋರ್‌ವೆಲ್. ಮೊದಲ ವರ್ಷ ನಲ್ಲಿ ನೀರನ್ನೇ ಹಾಕಿದೆ. ಎಂಟು ತಿಂಗಳಿಗೆ ಕಾಫಿ ಬಿಸಿ ಇರಲಿಲ್ಲ, ಪಂಪು ಏದುಸಿರು ಬಿಡುತ್ತಿತ್ತು. ಒಳಗೆಲ್ಲ ಸುಣ್ಣ ಕಟ್ಟಿತ್ತು. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರನ್ನು ಎರಡು ಸಲ ಹಾಯಿಸಿ, ಆಮೇಲೆ ಬರೀ ನೀರು ಮೂರು ಟ್ಯಾಂಕು ಬಿಟ್ಟ ಮೇಲೆ ಸರಿಹೋಯಿತು. ಬರೀ ಆರ್‌ಒ ನೀರಿನಲ್ಲಿ ಸುಣ್ಣ ಕಟ್ಟುವುದಿಲ್ಲ, ಕಾಫಿ ಮಾತ್ರ ಸಪ್ಪೆ. ಖನಿಜ ಚೂರಾದರೂ ಇದ್ದರೇ ರುಚಿ ಇಳಿಯುವುದು. ಈಗ ಮೂರು ಪಾಲು ಆರ್‌ಒ, ಒಂದು ಪಾಲು ಕಾವೇರಿ ನೀರು, ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪು. ಕರೆಂಟು ಹೋದರೆ ಕಾಫಿ ಇಲ್ಲ, ನಮ್ಮ ಇನ್ವರ್ಟರು ಇದರ ಹೀಟರನ್ನು ಎಳೆಯುವುದಿಲ್ಲ.

ಅಮ್ಮನಿಗೆ ಎಸ್ಪ್ರೆಸೊ ಇವತ್ತಿಗೂ ಒಗ್ಗಿಲ್ಲ. "ಡಿಕಾಕ್ಷನ್ ಅಂದ್ರೆ ರಾತ್ರಿಯೆಲ್ಲ ತೊಟ್ಟಿಕ್ಕಬೇಕು" ಅನ್ನುತ್ತಾಳೆ. ಆದರೆ ಗ್ರೈಂಡರನ್ನು ಅವಳು ಬಿಟ್ಟಿಲ್ಲ. ಎಸ್ಪ್ರೆಸೊ ನಂಬರಿಗಿಂತ ಏಳು ನಂಬರ್ ತರಿಯಾಗಿ ಮಾಡಿದರೆ ಹಿತ್ತಾಳೆ ಫಿಲ್ಟರಿಗೆ ಹದವಾದ ಪುಡಿ ಬರುತ್ತದೆ ಎಂದು ಅವಳೇ ಕಂಡುಕೊಂಡಳು. ಬೆರಳ ನಡುವೆ ಉಜ್ಜಿ, ಮೂಸಿ, ಬೇರೆ ಡಬ್ಬಿಯ ಚಿಕೋರಿ ಪುಡಿಯನ್ನು ಒಂದೂವರೆ ಚಮಚ ಬೆರೆಸಿಕೊಳ್ಳುತ್ತಾಳೆ. ಕನ್ನಡಕ ಇಲ್ಲದೆ ನಂಬರು ಕಾಣುವುದಿಲ್ಲವೆಂದು ಡಯಲ್ಲಿನ ಆ ಜಾಗಕ್ಕೆ ತನ್ನ ಹಣೆಯ ಸ್ಟಿಕ್ಕರೊಂದನ್ನು ಅಂಟಿಸಿದ್ದಾಳೆ. ಅವಳು ಊರಿಗೆ ಹೋದಾಗಲೂ ನಾನದನ್ನು ಕಿತ್ತಿಲ್ಲ. ಭಾನುವಾರ ಅದೇ ಗುರುತಿಗೆ ತಿರುಗಿಸಿ ಫಿಲ್ಟರಿಗೆ ಹಾಕುತ್ತೇನೆ.