ಸಿಜೆ-3ಬಿ ಜೀಪಿಗೆ ಗುಜರಿಯ ಪವರ್-ಲಾಕ್: ನನ್ನ ಅನುಭವ

ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರಿನ ಗಂಟಿನೊಳಗೆ (ಡಿಫರೆನ್ಷಿಯಲ್) ಪ್ಲೇಟುಗಳ ಹಿಡಿತದಿಂದ, ಒಂದೇ ಚಕ್ರ ಸುಮ್ನೆ ತಿರುಗದ ಹಾಗೆ ತಡೆಯುವುದೇ ಪವರ್-ಲಾಕ್. ಇಂಥ ಹಳೆ ಪ್ಲೇಟ್ ಲಾಕ್ ನಮ್ಮ ಕಾಸರಗೋಡಿನ ಕೆಸರಲ್ಲಿ ಕೆಲಸ ಮಾಡುವುದಿಲ್ಲ, ಸುಮ್ನೆ ದುಡ್ಡು ದಂಡ ಎಂದವರು ಪೆರ್ಲದಿಂದ ಮುಳ್ಳೇರಿಯದವರೆಗೂ ಇದ್ದರು. ಈಗ ನನ್ನ ಸಿಜೆ-3ಬಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೂ ತೋಟಕ್ಕೆ ಸಿಂಪಡಿಸುವ ಬೋರ್ಡೋ ಮದ್ದಿನ 200 ಲೀಟರ್ ಡ್ರಮ್ ಹೊತ್ತು ತೋಟದ ಚಡಾವು ಹತ್ತುತ್ತದೆ. ಚೈನ್ ಇಲ್ಲ, ವಿಂಚ್ ಇಲ್ಲ. ಎಂಜಿನ್ ಹಳೆಯ ಹರಿಕೇನ್ ಪೆಟ್ರೋಲೇ, ಡೀಸೆಲ್ ಹಾಕಿಸಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಚಡಾವು ಹೇಗೆ ಅಂದರೆ, ಒಂದು ಬದಿ ಪಾಚಿ ಕಟ್ಟಿದ ಮುರಕಲ್ಲು, ಇನ್ನೊಂದು ಬದಿ ನೀರು ಕೊರೆದ ಚಡಿ. ಫೋರ್‌ವೀಲ್ ಹಾಕಿದರೂ ಹಿಂದೆ ಒಂದು, ಮುಂದೆ ಒಂದು ಚಕ್ರ ಸುಮ್ನೆ ತಿರುಗುತ್ತದೆ. ಬೇರೆ ಗಾಡಿಯವರು ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳೆದು, ಸುಮ್ನೆ ತಿರುಗುವ ಚಕ್ರವನ್ನು ತಡೆದು ಪಾರಾಗುತ್ತಾರೆ. ನಮ್ಮದರಲ್ಲಿ ಅದರ ಡ್ರಮ್ ಇರುವುದು ಟ್ರಾನ್ಸ್‌ಫರ್ ಕೇಸಿನ (ಮುಂದಕ್ಕೆ, ಹಿಂದಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ, ಚಕ್ರದಲ್ಲಿ ಅಲ್ಲ. ಎಳೆದರೆ ಎರಡೂ ಚಕ್ರಕ್ಕೆ ಶಕ್ತಿಯೇ ಬರುವುದಿಲ್ಲ.

ಮೊದಲು ಟ್ರ್ಯಾಕ್ಟರಿನ ದಾರಿ ಹಿಡಿದು ನೋಡಿದೆ. ಅದರಲ್ಲಿ ಎಡ, ಬಲ ಬ್ರೇಕ್ ಬೇರೆ ಬೇರೆ ಅಲ್ವಾ? ಹಾಗೆಯೇ ಹಿಂದಿನ ಬ್ರೇಕ್ ಲೈನನ್ನು ಎರಡು ಮಾಡಿ, ಎರಡು ಸಣ್ಣ ಕೈ ಸಿಲಿಂಡರ್ ಕೂರಿಸಿದೆ. ಆರು ಸಾವಿರದಷ್ಟು ಹೋಯಿತು. ಒಣ ನೆಲದಲ್ಲಿ ಬಹಳ ಚೆಂದ, ಜೀಪು ನಿಂತಲ್ಲೇ ತಿರುಗಿದ ಹಾಗೆ ತಿರುಗುತ್ತದೆ. ಚಡಾವಿನಲ್ಲಿ ಒಂದು ಕೈ ಸ್ಟೇರಿಂಗಿಗೆ, ಒಂದು ಕೈ ಗೇರಿಗೆ, ಮೂರನೆಯದು ಎಲ್ಲಿಂದ ತರುವುದು? ಮೇಲಾಗಿ ಬ್ರೇಕ್ ಡ್ರಮ್ಮಿಗೆ ಕೆಸರು ನೀರು ಹೋದರೆ ಬ್ರೇಕು ಹಿಡಿಯುವುದೇ ಇಲ್ಲ. ಬಿಚ್ಚಿ ಇಟ್ಟೆ. ಡಿಫರೆನ್ಷಿಯಲ್ ವೆಲ್ಡ್ ಮಾಡಿಸಿದ ನೆರೆಯವರ ಜೀಪು ಹಬ್ಬಿನ ಕೀ (ಶಾಫ್ಟನ್ನು ಹಬ್ಬಿಗೆ ಹಿಡಿಸುವ ಉಕ್ಕಿನ ತುಂಡು) ಕೂರುವ ಜಾಗದಲ್ಲೇ ಶಾಫ್ಟ್ ತುಂಡು ಮಾಡಿಕೊಂಡದ್ದನ್ನು ನೋಡಿದ್ದರಿಂದ ಆ ಕಡೆ ಹೋಗಲಿಲ್ಲ. ಗಾಳಿಯ ಒತ್ತಡದಿಂದ ಲಾಕ್ ಮಾಡುವ ಹೊಸ ಏರ್ ಲಾಕರ್ ಅಂದರೆ ಲಕ್ಷದ ಮಾತು.

ನನ್ನ ಜೀಪಿನ ಹಿಂದಿನ ಆಕ್ಸಲ್ ಡಾನಾ 44 ಎಂಬ ಮಾದರಿ. ಅಮೆರಿಕದ ಜೀಪುಗಳಿಗೆ ಇದೇ ಆಕ್ಸಲಿಗೆ ಪವರ್-ಲಾಕ್ ಬರುತ್ತಿತ್ತು. ಕೊಯಮತ್ತೂರಿನ ಉಕ್ಕಡಂ ಗುಜರಿಯಲ್ಲಿ ಒಂದು ಸಿಕ್ಕಿತು, ಎಂಟು ಸಾವಿರ. ನಿಮ್ಮ ಜೀಪಿಗೇ ಸರಿ ಎಂದು ಮಾರಿದವರು ಆಣೆ ಹಾಕಿದರು. ಮನೆಗೆ ತಂದು ಕ್ರೌನ್ (ದೊಡ್ಡ ಗೇರು) ಕೂರಿಸಿದರೆ ಅದನ್ನು ತಿರುಗಿಸುವ ಪಿನಿಯನ್ನಿಗೆ ಮುಟ್ಟುವುದೇ ಇಲ್ಲ! ಡಾನಾ 44ರಲ್ಲಿ 3.73 ಮತ್ತು ಅದಕ್ಕಿಂತ ಕಡಿಮೆ ರೇಷಿಯೋಗೆ (ಕ್ರೌನಿನ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ಎಂಬ ಲೆಕ್ಕ) ಒಂದು ಕೇಸು, ಅಂದರೆ ಕ್ರೌನ್ ಕೂರುವ ಗೂಡು, 3.92 ಮತ್ತು ಮೇಲಕ್ಕೆ ಇನ್ನೊಂದು. ನನ್ನದು 5.38. ದುಡ್ಡು ವಾಪಸ್ ಬರಲಿಲ್ಲ.

ಎರಡನೆಯದಕ್ಕೆ ತಿಂಗಳುಗಟ್ಟಲೆ ಕಾದೆ. ಈ ಸಲ ಇಡೀ ಆಕ್ಸಲ್ಲೇ ತಂದೆ, ಸುಮಾರು ಹದಿನೈದು ಸಾವಿರ. ಹುಡುಕುವವರು ಒಂದು ಬದಿ ಹಬ್ ತಿರುಗಿಸಿ ನೋಡಿ, ಇನ್ನೊಂದು ಬದಿಯೂ ಅದೇ ದಿಕ್ಕಿಗೆ ತಿರುಗಬೇಕು. ಬರೀ ಕೇಸಾದರೆ ಕಿಟಕಿಯಿಂದ ಇಣುಕಿ. ಒಳಗಿನ ಸಣ್ಣ ಪಿನಿಯನ್ ನಾಲ್ಕು, ಅವು ಕೂರುವ ಅಡ್ಡ ಶಾಫ್ಟ್ ಎರಡು, ಕೇಸು ಎರಡು ಹೋಳಾಗಿ ಬೋಲ್ಟ್ ಹಾಕಿರಬೇಕು.

ಚಕ್ರದ ಶಾಫ್ಟ್ ಕೂರುವ ಇದರ ಸೈಡ್ ಗೇರಿನಲ್ಲಿ 19 ಸ್ಪ್ಲೈನ್ (ಹಲ್ಲಿನಂಥ ಗೀರು), ನನ್ನ ಶಾಫ್ಟಿನಲ್ಲಿ 10. ಆಕ್ಸಲಿನ ಜತೆ ಬಂದ ಶಾಫ್ಟ್ ಒಂದು ಸರಿ ಇತ್ತು, ಇನ್ನೊಂದರ ಟೇಪರ್ (ಹಬ್ ಕೂರುವ ಚೂಪಾದ ತುದಿ) ಹಾಳಾಗಿತ್ತು. ಒಂದು ಶಾಫ್ಟಿಗೇ ನಾಲ್ಕು ಸಾವಿರ. ಬೇರಿಂಗು, ಸೀಲು ಎಲ್ಲ ಹೊಸತು ಹಾಕಿಸಿದೆ, ಅದರಲ್ಲಿ ಉಳಿತಾಯ ಮಾಡಬೇಡಿ.

ಪ್ಲೇಟುಗಳು ಸವೆದಿದ್ದವು. "ಅಣ್ಣ, ಗುಜರಿಗೆ ಹೋದದ್ದಕ್ಕೆ ಜೀವ ಬರುವುದುಂಟಾ?" ಎಂದರು ಮೇಸ್ತ್ರಿ. ಮೊದಲು ಕ್ಲಚ್ ಲೈನಿಂಗ್ ಕತ್ತರಿಸಿ ಪ್ಲೇಟಿಗೆ ಅಂಟಿಸಿ ನೋಡಿದೆವು. ಗೇರ್ ಆಯಿಲಿನಲ್ಲಿ ಅಂಟು ಬಿಟ್ಟು ಚೂರು ಚೂರಾಗಿ ಹೊರಗೆ ಬಂತು. ಕೊನೆಗೆ ಮಂಗಳೂರಿನಲ್ಲಿ ಪ್ಲೇಟುಗಳನ್ನು ಗ್ರೈಂಡ್ ಮಾಡಿಸಿ, ಹೋದ ದಪ್ಪಕ್ಕೆ ಸ್ಪ್ರಿಂಗ್ ಸ್ಟೀಲಿನ ಶಿಮ್ (ತೆಳು ತಗಡು) ಕೊಟ್ಟೆ. ಯಾವ ಪ್ಲೇಟಿನ ಹಿಂದೆ, ಎಷ್ಟು ದಪ್ಪ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನ್ನ ರಾತ್ರಿಗಳು ಬಹಳ ಹೋಗಿವೆ. ಒಂದು ಚಕ್ರ ಜಾಕಿನ ಮೇಲೆ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟು, ಎದ್ದ ಚಕ್ರವನ್ನು ಟಾರ್ಕ್ ರೆಂಚಿನಲ್ಲಿ ತಿರುಗಿಸಿದರೆ ಮೊದಲು 20 ಅಡಿ-ಪೌಂಡಿಗೇ (ತಿರುಚುವ ಬಲದ ಅಳತೆ) ಜಾರುತ್ತಿತ್ತು. ಈಗ 80ರ ಆಸುಪಾಸು.

ನಿಜವಾಗಿ ನನ್ನನ್ನು ಸತಾಯಿಸಿದ್ದು ಪ್ಲೇಟಲ್ಲ, ನಡುವಿನ ಥ್ರಸ್ಟ್ ಬ್ಲಾಕು. ಈ ಆಕ್ಸಲಿನಲ್ಲಿ ಎರಡೂ ಶಾಫ್ಟಿನ ಒಳ ತುದಿ ಅದಕ್ಕೇ ಒತ್ತಿಕೊಳ್ಳುತ್ತದೆ. ಪವರ್-ಲಾಕಿನಲ್ಲಿ ಅಡ್ಡ ಶಾಫ್ಟ್ ಎರಡಿರುವುದರಿಂದ ನಮ್ಮ ಮಾಮೂಲಿ ಬ್ಲಾಕು ಕೂರುವುದಿಲ್ಲ. ಗುಜರಿಯದ್ದರಲ್ಲಿ ಬ್ಲಾಕೇ ಕಾಣೆ. ಲೇತಿನವರು ಮೈಲ್ಡ್ ಸ್ಟೀಲಿನಲ್ಲಿ ಒಂದು ಮಾಡಿಕೊಟ್ಟರು. ಒಂದೇ ಮಳೆಗಾಲದಲ್ಲಿ ಸವೆದು, ಶಾಫ್ಟ್ ಆಡಿ, ಸೀಲ್ ಹೋಗಿ, ಬ್ರೇಕ್ ಶೂಗೆಲ್ಲ ಆಯಿಲ್. ಇದನ್ನು ನೋಡಿಯೇ ಊರವರು "ಹೇಳಿದ್ದೆವಲ್ಲ" ಎಂದದ್ದು. ಆಮೇಲೆ ಇಎನ್-24 ಎಂಬ ಗಟ್ಟಿ ಉಕ್ಕು ತಂದು ಮಾಡಿಸಿ, ಹಾರ್ಡನ್ ಮಾಡಿಸಿ ಹಾಕಿದೆ. ಬ್ರೇಕ್ ಪ್ಲೇಟಿನ ಹಿಂದಿನ ಶಿಮ್ಮಿನಲ್ಲಿ ಶಾಫ್ಟಿನ ಆಟವನ್ನು ಇಂಚಿನ ಸಾವಿರದಲ್ಲಿ 4ರಿಂದ 8 ಭಾಗದೊಳಗೆ ತಂದೆ. ಅಲ್ಲಿಗೆ ಸೀಲಿನ ಉಪದ್ರ ಮುಗಿಯಿತು.

ಕ್ರೌನ್-ಪಿನಿಯನ್ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) ಇಂಚಿನ ಸಾವಿರದಲ್ಲಿ 7 ಭಾಗಕ್ಕೆ ಇಟ್ಟೆ, ನೀಲಿ ಹಚ್ಚಿ ಗುರುತು ನೋಡಿದೆ, ಮಾಮೂಲಿ ಕೆಲಸ. ಆಕ್ಸಲಿನ ಹೌಸಿಂಗ್ ಹಿಗ್ಗಿಸುವ ಸ್ಪ್ರೆಡ್ಡರ್ ಇಲ್ಲದೆ ಬೇರಿಂಗನ್ನು ಸರಿಯಾದ ಬಿಗಿಯಲ್ಲಿ ಒಳಗೆ ಕೂರಿಸಿದ ಉಪಾಯ ಒಂದಿದೆ, ಮನೆಗೆ ಬಂದವರಿಗೆ ತೋರಿಸುತ್ತೇನೆ. ಆಯಿಲಿಗೆ ಎಲ್‌ಎಸ್‌ಡಿ (ಇಂಥ ಪ್ಲೇಟಿನ ಡಿಫರೆನ್ಷಿಯಲ್) ಅಡಿಟಿವ್ ಬೇಕೇ ಬೇಕು. ಇಲ್ಲದಿದ್ದರೆ ಬದಿಯಡ್ಕ ಪೇಟೆಯಲ್ಲಿ ತಿರುಗಿಸುವಾಗ ಹಿಂದಿನಿಂದ ಕಟಕಟ ಶಬ್ದ ಕೇಳಿ ಜನ ತಿರುಗಿ ನೋಡುತ್ತಾರೆ.

ಒಟ್ಟು ನಲವತ್ತೆರಡು ಸಾವಿರದ ಹತ್ತಿರ ಆಗಿರಬಹುದು, ವ್ಯರ್ಥವಾದ ಎಂಟೂ ಸೇರಿ.

ಓಡಿಸುವವರಿಗೆ ಎರಡು ಮಾತು. ಒಂದು ಚಕ್ರ ಪೂರ್ತಿ ಗಾಳಿಯಲ್ಲಿ ಎದ್ದರೆ ಬ್ರೇಕ್ ಪೆಡಲ್ ಸ್ವಲ್ಪವೇ ಒತ್ತಿ ಹಿಡಿಯಿರಿ, ಆಗ ಇನ್ನೊಂದು ಚಕ್ರಕ್ಕೆ ಎಳೆತ ಜಾಸ್ತಿ ಹೋಗುತ್ತದೆ. ಅಡ್ಡ ಇಳಿಜಾರಿನ ಪಾಚಿಯಲ್ಲಿ ಮಾತ್ರ ಜಾಗ್ರತೆ. ಮೊದಲು ಒಂದು ಚಕ್ರ ತಿರುಗಿದರೆ ಇನ್ನೊಂದು ಜೀಪನ್ನು ಹಿಡಿದು ನಿಲ್ಲಿಸುತ್ತಿತ್ತು. ಈಗ ಎರಡೂ ಒಟ್ಟಿಗೆ ತಿರುಗಿ ಹಿಂಬದಿ ಕೆಳಗೆ ಜಾರುತ್ತದೆ. ಅಂಥಲ್ಲಿ ಆಕ್ಸಿಲರೇಟರ್ ಬಿಟ್ಟುಬಿಡಿ. ಲಾಕ್ ಹಾಕಿದ ಮೇಲೆ ಹಬ್ಬಿನ ಕೀಗೆ ಭಾರ ಜಾಸ್ತಿ ಬೀಳುತ್ತದೆ. ಹಬ್ ನಟ್ಟು 150 ಅಡಿ-ಪೌಂಡಿಗೆ ಕಡಿಮೆ ಇರಬಾರದು, ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.

ಮೊದಲು ತಂದ 3.73ರ ಕೇಸು ಇನ್ನೂ ನನ್ನಲ್ಲೇ ಇದೆ, ಪ್ಲೇಟುಗಳು ನನ್ನದಕ್ಕಿಂತ ಚೆನ್ನಾಗಿವೆ. ಆ ರೇಷಿಯೋ ಇರುವವರು ಬಂದರೆ ನಾನು ಕೊಟ್ಟ ಬೆಲೆಗೇ ಕೊಡುತ್ತೇನೆ. ಥ್ರಸ್ಟ್ ಬ್ಲಾಕು ನೀವೇ ಮಾಡಿಸಿಕೊಳ್ಳಬೇಕು.