ಕಣ್ಣುದಾನದ ಕಾರ್ಡ್ ಬೀರುವಿನಲ್ಲಿದ್ದರೆ ಸಾಲದು

ನಮ್ಮಜ್ಜ ಕಣ್ಣುದಾನದ ಫಾರಂ ತುಂಬಿ ಕಾರ್ಡ್ ತಂದಿಟ್ಟಿದ್ದರು. ಅದು ನಮ್ಮ ಕೈಗೆ ಸಿಕ್ಕಿದ್ದು ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ, ಬೀರುವಿನಲ್ಲಿ ಪಂಚೆಗಳ ಕೆಳಗೆ.

ಅದಕ್ಕೇ ಮೊದಲು ಮನೆಯವರಿಗೆ ಬಾಯಿಬಿಟ್ಟು ಹೇಳಿ. ಫಾರಂ ತುಂಬಿದ್ದರೂ ಕೊನೆಗೆ ಒಪ್ಪಿಗೆ ಕೊಡಬೇಕಾದವರು ಅವರೇ, ತುಂಬದಿದ್ದರೂ ಅವರು ಒಪ್ಪಿದರೆ ಸಾಕು. ಹತ್ತಿರದ ನೇತ್ರ ಬ್ಯಾಂಕಿನ ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ, ಪಕ್ಕದ ಮನೆಯವರಿಗೂ ಕೊಟ್ಟಿರಿ. ಸಾವಿನ ಹೊತ್ತಲ್ಲಿ ತಲೆ ಓಡುವುದು ಅವರಿಗೇ.

ಜೀವ ಹೋದ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ನೆಂಟರಿಗೆ ಫೋನ್ ಮಾಡುವ ಮೊದಲು ನೇತ್ರ ಬ್ಯಾಂಕಿಗೆ ಮಾಡಿ. ಅವರು ಬರುವ ತನಕ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ, ಫ್ಯಾನ್ ಆರಿಸಿ. ಗಾಳಿಗೆ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ, ಒಣಗಿಬಿಡುತ್ತದೆ. ಬೇರೆಯವರಿಗೆ ಹಾಕುವುದು ಆ ಪದರವನ್ನೇ, ಇಡೀ ಕಣ್ಣನ್ನಲ್ಲ. ಮರಣವನ್ನು ದೃಢಪಡಿಸಲು ಡಾಕ್ಟರನ್ನೂ ಕರೆಸಿಕೊಳ್ಳಿ. ಕೆಲಸ 15-20 ನಿಮಿಷದ್ದು. ಸೋಂಕು ಪರೀಕ್ಷೆಗೆ ಒಂಚೂರು ರಕ್ತ ತೆಗೆದುಕೊಳ್ಳುತ್ತಾರೆ. ಮುಖ ಕೆಡುವುದಿಲ್ಲ. ದುಡ್ಡು ಕೊಡುವಂತಿಲ್ಲ, ಕೇಳುವಂತೆಯೂ ಇಲ್ಲ.

‘ಅಮ್ಮನಿಗೆ ಶುಗರ್ ಇದೆ, ಪೊರೆ ಆಪರೇಷನ್ ಬೇರೆ ಆಗಿದೆ, ಆಗುತ್ತಾ?’ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಆಗುತ್ತೆ. ಕನ್ನಡಕ, ಬಿಪಿ, ವಯಸ್ಸು ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬೀಸ್‌ನಂಥ ಕೆಲವು ಕಾಯಿಲೆ ಇದ್ದವರಿಂದ ಮಾತ್ರ ತೆಗೆದುಕೊಳ್ಳುವುದಿಲ್ಲ. ಮಿಕ್ಕ ಅನುಮಾನ ಏನಿದ್ದರೂ ಫೋನಲ್ಲೇ ಕೇಳಿ, ನೀವೇ ಸುಮ್ನೆ ತೀರ್ಮಾನ ಮಾಡಿ ಕೈಬಿಡಬೇಡಿ.

2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದಾಗ ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಆಮೇಲೆ ಹೆಸರು ಬರೆಸಲು ಜನ ಮುಗಿಬಿದ್ದರು. ಅವರಲ್ಲಿ ಎಷ್ಟು ಜನ ಮನೆಯಲ್ಲಿ ಹೇಳಿದ್ದಾರೋ!

ಕಣ್ಣು ಕೊಟ್ಟರೆ ಮುಂದಿನ ಜನ್ಮಕ್ಕೆ ಕುರುಡು ಅನ್ನುವವರು ಒಬ್ಬರಾದರೂ ಮನೆಯಲ್ಲಿ ಇದ್ದೇ ಇರುತ್ತಾರೆ. ಸಾವಿನ ದಿನ ಅವರ ಜೊತೆ ವಾದಕ್ಕೆ ಇಳಿಯಬೇಡಿ. ಹಬ್ಬದೂಟ ಮುಗಿದು ಎಲೆ ಅಡಿಕೆ ತಟ್ಟೆ ಬಂದಾಗ ಮಾತು ತೆಗೆಯಿರಿ. ನಾನು ಹೋದ ದೀಪಾವಳಿಗೆ ತೆಗೆದೆ. ಚಿಕ್ಕಪ್ಪ ಚೆನ್ನಾಗಿ ಬೈದರು. ಚಿಕ್ಕಮ್ಮ ಅಡುಗೆಮನೆಗೆ ಕರೆದು ನಂಬರ್ ಬರೆಸಿಕೊಂಡರು.