ಪಕ್ಕವಾದ್ಯದವರ ಹೆಸರು ಹೇಳುತ್ತಾ ಮೂರು ಗಂಟೆ

ಮಿಷಿಗನ್‌ನ ಒಂದು ಸಣ್ಣ ಕಾಲೇಜು ಊರಿನ ಪಬ್ಲಿಕ್ ರೇಡಿಯೋದಲ್ಲಿ ಭಾನುವಾರ ಸಂಜೆ ನನ್ನದು ಮೂರು ಗಂಟೆಯ ಕಾರ್ಯಕ್ರಮ. ಮೊದಲು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಆಮೇಲೆ ಜಾಝ್, ಕೊನೆಗೆ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರಿಂದ ಬಂದ ಹಾಡುಗಾರಿಕೆ. ಸಂಬಳ ಇಲ್ಲ, ನಾನು ವಾಲಂಟಿಯರ್. ದೊಡ್ಡ ಊರುಗಳಲ್ಲಿ ಒಂದೊಂದು ಸಂಗೀತಕ್ಕೂ ಬೇರೆ ಸ್ಟೇಷನ್ನೇ ಇರುತ್ತದೆ. ಷಿಕಾಗೋದಲ್ಲಿ ಡಬ್ಲ್ಯೂಎಫ್‌ಎಂಟಿ ಶಾಸ್ತ್ರೀಯಕ್ಕೆ, ನ್ಯೂಯಾರ್ಕ್ ಪಕ್ಕದ ನ್ಯೂಆರ್ಕ್‌ನಲ್ಲಿ ಡಬ್ಲ್ಯೂಬಿಜಿಓ ಜಾಝ್‌ಗೆ. ನಮ್ಮಂಥ ಕಡೆ ಇರುವುದು ಒಂದೇ ಸ್ಟೇಷನ್. ಎಲ್ಲವೂ ಅದರಲ್ಲೇ ಹಿಡಿಸಬೇಕು.

ಅಮೆರಿಕದಲ್ಲಿ ಎಫ್‌ಎಂ ಡಯಲ್‌ನ ಎಡ ತುದಿ, ಅಂದರೆ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ, ವ್ಯಾಪಾರಕ್ಕಲ್ಲದ ಸ್ಟೇಷನ್‌ಗಳಿಗೆ ಮೀಸಲು. ಅಲ್ಲಿ ಜಾಹೀರಾತು ಹಾಕುವಂತಿಲ್ಲ. ಊರಿನ ಅಂಗಡಿಯೊಂದು ದುಡ್ಡು ಕೊಟ್ಟರೆ ಅದರ ಹೆಸರು, ವಿಳಾಸ, ಏನು ಮಾರುತ್ತಾರೆ ಅನ್ನುವುದನ್ನು ಹೇಳಬಹುದು. ಬೆಲೆ ಹೇಳಬಾರದು. ‘ಬನ್ನಿ, ಕೊಳ್ಳಿ’ ಅನ್ನಬಾರದು. ‘ಊರಿಗೇ ಒಳ್ಳೆಯದು’ ಅಂತಲೂ ಹೇಳಬಾರದು. ನನಗೆ ಈ ನಿಯಮ ಬಹಳ ಇಷ್ಟ. ಆದರೆ ತಮಾಷೆ ನೋಡಿ, ರೇಡಿಯೋದಲ್ಲಿ ಬ್ಲೂಸ್‌ಗೆ ನೆಲೆ ಸಿಕ್ಕಿದ್ದೇ ಹಿಟ್ಟು ಮಾರುವ ಕಾರ್ಯಕ್ರಮದಿಂದ. ಅರ್ಕನ್ಸಾದ ಹೆಲೆನಾದಲ್ಲಿ 1941ರಲ್ಲಿ ಶುರುವಾದ ‘ಕಿಂಗ್ ಬಿಸ್ಕಿಟ್ ಟೈಮ್’ ಒಂದು ಹಿಟ್ಟಿನ ಬ್ರ್ಯಾಂಡ್‌ಗಾಗಿಯೇ ಹುಟ್ಟಿದ್ದು. ಸನ್ನಿ ಬಾಯ್ ವಿಲಿಯಮ್ಸನ್ ಅದರಲ್ಲಿ ಹಾರ್ಮೋನಿಕಾ ನುಡಿಸುತ್ತಿದ್ದರು.

ಮೂರು ಸಂಗೀತವನ್ನು ಒಬ್ಬರೇ ಹೇಗೆ ನಿಭಾಯಿಸುತ್ತೀರಿ ಅಂತ ನಮ್ಮ ಕಡೆಯವರು ಕೇಳುತ್ತಾರೆ. ನಾನು ಕಲಿತದ್ದು ಆಕಾಶವಾಣಿಯಿಂದ. ಚಿಕ್ಕಂದಿನಲ್ಲಿ ಮನೆಯಲ್ಲಿ ಬೆಳಗಿನ ಕಚೇರಿ ಹಾಕಿರುತ್ತಿದ್ದರು. ಕಚೇರಿ ಮುಗಿದ ಮೇಲೆ ಉದ್ಘೋಷಕರು ಹಾಡಿದವರ ಹೆಸರು ಹೇಳಿ ಸುಮ್ಮನಾಗುತ್ತಿರಲಿಲ್ಲ. ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು, ಎಲ್ಲ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ಅದಕ್ಕೆ ಕಿವಿ ಕೊಟ್ಟಂತೆ ಕಾಣುತ್ತಿರಲಿಲ್ಲ. ಆದರೆ ಅದೇ ಮೃದಂಗದವರ ಹೆಸರು ಮುಂದಿನ ವಾರ ಇನ್ಯಾರದೋ ಕಚೇರಿಯಲ್ಲಿ ಬಂದರೆ ‘ಓ, ಇವರೇನಾ’ ಅಂತ ಅಜ್ಜ ತಲೆ ಎತ್ತುತ್ತಿದ್ದರು. ನನ್ನ ಕಾರ್ಯಕ್ರಮ ಪೂರ್ತಿ ನಿಂತಿರುವುದು ಆ ‘ಇವರೇನಾ’ ಮೇಲೆ. ಮುಂದೆ ಕೂತವರನ್ನು ಬಿಟ್ಟು ಪಕ್ಕದಲ್ಲಿ ಕೂತವರನ್ನು ಹಿಡಿದುಕೊಂಡು ಹೋಗುತ್ತೇನೆ.

ಒಂದು ಸಂಜೆಯ ಪಟ್ಟಿ ಹೇಳುತ್ತೇನೆ. ಅವತ್ತು ಹಿಡಿದುಕೊಂಡದ್ದು ಡಬಲ್ ಬಾಸ್, ಆಳೆತ್ತರದ ಆ ದೊಡ್ಡ ತಂತಿವಾದ್ಯ. ಎಲ್ಲರ ಹಿಂದೆ ನಿಲ್ಲುವ, ಯಾರೂ ಹೆಸರು ಕೇಳದ ವಾದ್ಯ.

ಶುರು ಮಾಡಿದ್ದು ಬೇಥೋವನ್ ಒಂಬತ್ತನೇ ಸಿಂಫನಿಯ ಕೊನೆಯ ಭಾಗದಿಂದ. ಎಲ್ಲರಿಗೂ ಅದರ ಕೋರಸ್ ಗೊತ್ತು. ಆದರೆ ಹಾಡುವವರು ಬಾಯಿ ತೆರೆಯುವುದಕ್ಕೆ ಬಹಳ ಮೊದಲೇ ಚೆಲ್ಲೊ (ಪಿಟೀಲಿಗಿಂತ ದೊಡ್ಡ, ಬಾಸ್‌ಗಿಂತ ಚಿಕ್ಕ ತಂತಿವಾದ್ಯ) ಮತ್ತು ಬಾಸ್‌ಗಳು ಸೇರಿ ಮಾತಾಡುವ ಹಾಗೆ ನುಡಿಸುತ್ತವೆ. ಹಿಂದಿನ ಮೂರು ಭಾಗಗಳ ತುಣುಕು ಒಂದೊಂದಾಗಿ ಬರುತ್ತದೆ, ಬಾಸ್‌ಗಳು ಒಂದೊಂದನ್ನೂ ಬೇಡ ಅನ್ನುತ್ತವೆ. ಕೊನೆಗೆ ಆ ಪ್ರಸಿದ್ಧ ಧಾಟಿಯನ್ನು ಮೊದಲು ನುಡಿಸುವುದೂ ಅವೇ, ಮೆಲ್ಲಗೆ, ಜೊತೆಗೆ ಬೇರೇನೂ ಇಲ್ಲದೆ. ಇಷ್ಟನ್ನು ಮೊದಲೇ ಹೇಳಿ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಹಿಡಿ, ಏರಿಸಿದೆ. ಮಾಮೂಲಾಗಿ ನಾನು ಮೊದಲು ಜಾಸ್ತಿ ಮಾತಾಡುವುದಿಲ್ಲ. ಇಲ್ಲಿ ಮಾತ್ರ ಕಿವಿ ಎಲ್ಲಿಡಬೇಕು ಅಂತ ಹೇಳದಿದ್ದರೆ ಕಾರ್‌ನಲ್ಲಿ ಹೋಗುತ್ತಿರುವವರು ಕೋರಸ್‌ಗೆ ಕಾಯುತ್ತಾ ಕೂರುತ್ತಾರೆ.

ಆಮೇಲೆ ಬಾಖ್‌ನ ಚೆಲ್ಲೊ ಸೂಟ್ (ಸಣ್ಣ ತುಂಡುಗಳ ಸರಣಿ) ಒಂದರ ಮೊದಲ ತುಂಡು. ಅಲ್ಲಿಂದ ನೇರವಾಗಿ ರಾನ್ ಕಾರ್ಟರ್. ಜಾಝ್‌ಗೆ ದಾಟುವ ಸೇತುವೆ ಅವರೇ. ನಮ್ಮ ಮಿಷಿಗನ್‌ನವರು, 1937ರಲ್ಲಿ ಫರ್ನ್‌ಡೇಲ್‌ನಲ್ಲಿ ಹುಟ್ಟಿದವರು. ಹತ್ತನೇ ವಯಸ್ಸಿನಲ್ಲಿ ಚೆಲ್ಲೊ ಹಿಡಿದರು. ಡೆಟ್ರಾಯಿಟ್‌ನ ಕ್ಯಾಸ್ ಟೆಕ್ ಹೈಸ್ಕೂಲಿನಲ್ಲಿ ಓದುವಾಗ ಬಾಸ್‌ಗೆ ಬದಲಾಯಿಸಿದರು. ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ 1959ರಲ್ಲಿ ಪದವಿ ಪಡೆದರು. ಆಸೆ ಇದ್ದದ್ದು ಸಿಂಫನಿ ಆರ್ಕೆಸ್ಟ್ರಾ ಸೇರಬೇಕು ಅಂತ. ಕಪ್ಪು ಜನರಿಗೆ ಆಗ ಆ ಬಾಗಿಲು ತೆರೆಯುತ್ತಿರಲಿಲ್ಲ. 1963ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದರು. ಅತಿ ಹೆಚ್ಚು ರೆಕಾರ್ಡಿಂಗ್‌ಗಳಲ್ಲಿ ನುಡಿಸಿದ ಜಾಝ್ ಬಾಸ್ ವಾದಕ ಅಂತ ಗಿನ್ನೆಸ್ ದಾಖಲೆ ಅವರ ಹೆಸರಿನಲ್ಲಿದೆ, ಎರಡು ಸಾವಿರಕ್ಕೂ ಮೇಲೆ. ಇದೆಲ್ಲ ನಾನು ಹೇಳಿದ್ದು ಒಂದು ನಿಮಿಷದೊಳಗೆ. ಬಾಖ್ ಆದ ಮೇಲೆ ಜಾಝ್ ಯಾಕೆ ಬಂತು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಮೈಲ್ಸ್ ಡೇವಿಸ್ ತಂಡದಲ್ಲಿ ಕಾರ್ಟರ್‌ಗಿಂತ ಮೊದಲು ಬಾಸ್ ನುಡಿಸುತ್ತಿದ್ದವರು ಪಾಲ್ ಚೇಂಬರ್ಸ್. ಅವರೂ ಡೆಟ್ರಾಯಿಟ್‌ನಲ್ಲಿ ಬೆಳೆದವರೇ. 1959ರ ‘ಕೈಂಡ್ ಆಫ್ ಬ್ಲೂ’ ಆಲ್ಬಂನ ಮೊದಲ ತುಂಡಿನಲ್ಲಿ ಧಾಟಿ ನುಡಿಸುವುದು ಟ್ರಂಪೆಟ್ ಅಲ್ಲ, ಬಾಸ್. ಬಾಸ್ ಒಂದು ಮಾತು ಕೇಳುತ್ತದೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಆಲ್ಬಂನ ಎರಡನೇ ತುಂಡು ‘ಫ್ರೆಡಿ ಫ್ರೀಲೋಡರ್’. ಅದು ಅಪ್ಪಟ ಹನ್ನೆರಡು ಬಾರ್‌ನ ಬ್ಲೂಸ್. ಹೀಗೆ ಯಾವ ಗದ್ದಲವೂ ಇಲ್ಲದೆ ಬ್ಲೂಸ್‌ಗೆ ಬಂದಾಯಿತು.

ಇಲ್ಲಿ ನಮ್ಮವರಿಗೆ ಒಂದು ಲೆಕ್ಕ ಹೇಳಬೇಕು. ಹನ್ನೆರಡು ಬಾರ್, ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 48. ಆದಿತಾಳದಲ್ಲಿ ಆವರ್ತಕ್ಕೆ ಎಂಟು ಅಕ್ಷರ. ಅಂದರೆ ಸರಿಯಾಗಿ ಆರು ಆವರ್ತ. ಬ್ಲೂಸ್ ಪದ್ಯದಲ್ಲಿ ಮೂರು ಸಾಲು: ಮೊದಲ ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಉತ್ತರದ ಸಾಲು. ಒಂದೊಂದು ಸಾಲಿಗೆ ಎರಡು ಆವರ್ತ. ನಾನು ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಿರುತ್ತೇನೆ. ಹಾಡು ಎಲ್ಲಿ ಮುಗಿಯುತ್ತದೆ, ಮೈಕ್ ಯಾವಾಗ ತೆರೆಯಬೇಕು ಅನ್ನುವುದು ಸ್ಕ್ರೀನ್ ನೋಡದೆಯೇ ಗೊತ್ತಾಗುತ್ತದೆ. ಎರಡು ಹಾಡುಗಳ ನಡುವೆ ಸಂದಿಲ್ಲದೆ ಜೋಡಿಸುವಾಗಲೂ ಇದು ಬಹಳ ಸಹಾಯ. ಚಿಕ್ಕವಯಸ್ಸಿನಲ್ಲಿ ಬೈಸಿಕೊಂಡು ಕಲಿತ ತಾಳ ಮಿಷಿಗನ್‌ನಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಮುಂದಿನದು ವಿಲ್ಲಿ ಡಿಕ್ಸನ್. ಮಿಸಿಸಿಪಿಯಲ್ಲಿ ಹುಟ್ಟಿ ಷಿಕಾಗೋಗೆ ಬಂದು ಬಾಕ್ಸಿಂಗ್ ಮಾಡಿ, ಆಮೇಲೆ ಬಾಸ್ ಹಿಡಿದವರು. ಚೆಸ್ ಅನ್ನುವ ರೆಕಾರ್ಡ್ ಕಂಪನಿಯ ಎಷ್ಟೋ ರೆಕಾರ್ಡ್‌ಗಳಲ್ಲಿ ಬಾಸ್ ಅವರದು, ಹಾಡು ಬರೆದದ್ದೂ ಅವರೇ. 1954ರಲ್ಲಿ ಮಡ್ಡಿ ವಾಟರ್ಸ್ ಹಾಡಿದ ‘ಹೂಚಿ ಕೂಚಿ ಮ್ಯಾನ್’ ಹಾಕಿದೆ. ಇದು ಹನ್ನೆರಡಲ್ಲ, ಹದಿನಾರು ಬಾರ್. ಎಲ್ಲರೂ ಒಟ್ಟಿಗೆ ಒಂದು ಪೆಟ್ಟು ಕೊಟ್ಟು ನಿಲ್ಲುತ್ತಾರೆ, ಆ ಖಾಲಿ ಜಾಗದಲ್ಲಿ ಹಾಡುಗಾರ ಹೇಳಿಕೊಳ್ಳುತ್ತಾ ಹೋಗುತ್ತಾನೆ. ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಬರೆದು, ಹಿಂದೆ ನಿಂತು ನುಡಿಸಿದವರ ಹೆಸರು ಹೇಳುವುದೇ ನನ್ನ ಕೆಲಸ.

ಕೊನೆಗೆ ಬಾಸೇ ಇಲ್ಲದ ಹಾಡು. ಜಾನ್ ಲೀ ಹೂಕರ್ ಮಿಸಿಸಿಪಿಯಿಂದ ಡೆಟ್ರಾಯಿಟ್‌ಗೆ ಬಂದು ಕಾರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದವರು. 1948ರಲ್ಲಿ ಡೆಟ್ರಾಯಿಟ್‌ನಲ್ಲೇ ‘ಬೂಗಿ ಚಿಲನ್’ ರೆಕಾರ್ಡ್ ಮಾಡಿದರು. ಗಿಟಾರ್, ಗಂಟಲು, ನೆಲಕ್ಕೆ ಬಡಿಯುವ ಪಾದ, ಅಷ್ಟೆ. ಪಕ್ಕವಾದ್ಯ ಅವರ ಕಾಲೇ. ಅವರ ಹಾಡಿಗೆ ಹನ್ನೆರಡು ಬಾರ್ ಲೆಕ್ಕ ಹಿಡಿದು ಕೂತರೆ ದಾರಿ ತಪ್ಪುತ್ತೀರಿ. ಸಾಲು ಮುಗಿದಾಗ ಬಾರ್ ಮುಗಿಯಿತು, ಅಷ್ಟೇ ನಿಯಮ. ಈ ಊರುಗಳಲ್ಲಿ ಇನ್ನೂ ಕಾರ್ ಫ್ಯಾಕ್ಟರಿಯಿಂದ ನಿವೃತ್ತರಾದವರು ಬಹಳ ಮಂದಿ. ಹೂಕರ್ ಹಾಕಿದ ದಿನ ಸ್ಟುಡಿಯೋ ಫೋನ್ ಜಾಸ್ತಿ ರಿಂಗಾಗುತ್ತದೆ.

ಪಟ್ಟಿ ಮಾಡುವುದು ಮನೆಯಲ್ಲಿ, ಸಾವಕಾಶವಾಗಿ. ಕಷ್ಟ ಇರುವುದು ಸ್ಟುಡಿಯೋದಲ್ಲಿ. ಗಂಟೆಗೊಮ್ಮೆ ಸ್ಟೇಷನ್ನಿನ ಗುರುತಿನ ಅಕ್ಷರಗಳು ಮತ್ತು ಊರಿನ ಹೆಸರು ಹೇಳಲೇಬೇಕು, ಕಾನೂನು. ತಕ್ಷಣ ದೇಶದ ಸುದ್ದಿ ಬರುತ್ತದೆ, ಅದು ಯಾರಿಗೂ ಕಾಯುವುದಿಲ್ಲ. ಆದ್ದರಿಂದ ಹಿಂದಿನಿಂದ ಲೆಕ್ಕ ಹಾಕಬೇಕು. ಒಂಬತ್ತನೇ ಸಿಂಫನಿಯ ಕೊನೆಯ ಭಾಗಕ್ಕೆ ಸುಮಾರು 24 ನಿಮಿಷ, ಕಂಡಕ್ಟರ್ ಬದಲಾದರೆ ಎರಡು ನಿಮಿಷ ಆಚೀಚೆ. ಸಿಡಿ ಕವರ್ ಮೇಲಿನ ಸಮಯವನ್ನು ನಾನು ನಂಬುವುದಿಲ್ಲ, ಮೊದಲೇ ಹಾಕಿ ನೋಡುತ್ತೇನೆ. ಕೈಯಲ್ಲಿ ಯಾವಾಗಲೂ ಎರಡು ನಿಮಿಷದ್ದೊಂದು, ನಾಲ್ಕು ನಿಮಿಷದ್ದೊಂದು ಪಿಯಾನೋ ತುಂಡು ಇಟ್ಟುಕೊಂಡಿರುತ್ತೇನೆ. ಸಮಯ ಉಳಿದರೆ ಅದನ್ನು ತುಂಬಿಸುವುದು.

ಇನ್ನೊಂದು ತಲೆನೋವು ಸದ್ದಿನ ಮಟ್ಟ. ಆರ್ಕೆಸ್ಟ್ರಾ ಒಮ್ಮೆ ಪಿಸುಗುಡುತ್ತದೆ, ಒಮ್ಮೆ ಗುಡುಗುತ್ತದೆ. ಹೈವೇಯಲ್ಲಿ ಕಿಟಕಿ ತೆರೆದು ಹೋಗುವವರಿಗೆ ಪಿಸುಗುಟ್ಟಿದ್ದು ಕೇಳಿಸುವುದೇ ಇಲ್ಲ. ಸದ್ದು ನಿಂತರೆ ಅಲಾರಂ ಕೊಡುವ ಯಂತ್ರವೂ ಇದೆ. ಮಾಲರ್‌ನ ಒಂಬತ್ತನೇ ಸಿಂಫನಿಯ ಕೊನೆಯ ಪುಟ ಬಂದರೆ ಅದಕ್ಕೆ ಸ್ಟೇಷನ್ ಸತ್ತೇಹೋಯಿತು ಅನಿಸುತ್ತದೆ. ನಾನು ಮೆಲ್ಲನೆಯ ಜಾಗ ಬರುವುದಕ್ಕೆ ಸ್ವಲ್ಪ ಮೊದಲೇ ಫೇಡರ್ ನಿಧಾನವಾಗಿ ಮೇಲೆ ತರುತ್ತೇನೆ. ಜೋರಾದ ಜಾಗಕ್ಕೆ ಮುಂಚೆ ಇಳಿಸುತ್ತೇನೆ. ಯಾರಿಗೂ ಗೊತ್ತಾಗದ ಹಾಗೆ ಮಾಡಬೇಕು, ಅದೇ ಕೈಚಳಕ. ಹಳೆಯ ಬ್ಲೂಸ್ ಇದಕ್ಕೆ ಉಲ್ಟಾ. ಶುರುವಿನಿಂದ ಕೊನೆವರೆಗೂ ಒಂದೇ ಜೋರು. ಚೆಲ್ಲೊ ಆದ ಮೇಲೆ ಹೂಕರ್ ಹಾಕಿದರೆ ಫೇಡರ್ ಅರ್ಧಕ್ಕೆ ತರದೆ ವಿಧಿಯಿಲ್ಲ.

ಇಂಟರ್‌ನೆಟ್‌ನಲ್ಲೂ ಪ್ರಸಾರ ಆಗುವುದರಿಂದ ಅದರ ಲೈಸೆನ್ಸ್ ನಿಯಮವೂ ನೋಡಬೇಕು. ಮೂರು ಗಂಟೆಯೊಳಗೆ ಒಂದೇ ಆಲ್ಬಂನಿಂದ ಮೂರಕ್ಕಿಂತ ಜಾಸ್ತಿ ತುಂಡು ಇಲ್ಲ, ಸತತವಾಗಿ ಎರಡಕ್ಕಿಂತ ಜಾಸ್ತಿ ಇಲ್ಲ. ಇಂಥ ಹಾಡು ಇಷ್ಟು ಹೊತ್ತಿಗೆ ಬರುತ್ತದೆ ಅಂತ ಮೊದಲೇ ಸಾರುವಂತಿಲ್ಲ. ಕಲಾವಿದರ ಹೆಸರು ಹೇಳಿ ‘ಇವತ್ತು ಇವರೂ ಇದ್ದಾರೆ’ ಅನ್ನಬಹುದು. ಇಡೀ ಆಲ್ಬಂ ಹಾಕಿ ಅಂತ ಫೋನ್ ಮಾಡುವವರಿಗೆ ಇದನ್ನು ವಿವರಿಸುವುದು ಸುಲಭವಲ್ಲ.

ಮಾತಿನ ಬಗ್ಗೆ ಒಂದೇ ವಿಷಯ. ನನ್ನ ಇಂಗ್ಲಿಷ್ ಮೈಸೂರಿನದು, ಅದನ್ನು ಬದಲಾಯಿಸಲು ಹೋಗಲಿಲ್ಲ. ಹೊಸಬರಿಗೆ ಮೈಕ್ ಮುಂದೆ ದನಿ ದಪ್ಪ ಮಾಡಿಕೊಳ್ಳುವ ಚಟ ಇರುತ್ತದೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿರುವ ಒಬ್ಬರಿಗೆ ಹೇಳುವ ಹಾಗೆ ಹೇಳಿದರೆ ಸಾಕು.

2025ರ ಜುಲೈನಲ್ಲಿ ಇಲ್ಲಿನ ಕಾಂಗ್ರೆಸ್, ಅಂದರೆ ಸಂಸತ್ತು, ಸಾರ್ವಜನಿಕ ಪ್ರಸಾರಕ್ಕೆ ಇಟ್ಟಿದ್ದ ಎರಡು ವರ್ಷದ ಹಣ, ಸುಮಾರು 110 ಕೋಟಿ ಡಾಲರ್, ವಾಪಸ್ ಪಡೆಯಿತು. ಸಣ್ಣ ಊರಿನ ಸ್ಟೇಷನ್‌ಗಳಿಗೆ ಪೆಟ್ಟು ಜಾಸ್ತಿ. ಈಗ ಕೇಳುಗರ ದುಡ್ಡೇ ಗತಿ. ಪ್ಲೆಡ್ಜ್ ಡ್ರೈವ್ ಅಂದರೆ ಸಂಗೀತ ನಿಲ್ಲಿಸಿ ದುಡ್ಡು ಕೇಳುವ ವಾರ. ಯಾರಿಗೂ ಇಷ್ಟವಿಲ್ಲ, ನನಗೂ ಇಲ್ಲ. ಆದರೆ ಆ ವಾರ ಪಟ್ಟಿಯಲ್ಲಿ ನನಗೆ ಸ್ವಲ್ಪ ಸಲುಗೆ ಸಿಗುತ್ತದೆ.

ಕಳೆದ ಡ್ರೈವ್‌ನಲ್ಲಿ ಒಬ್ಬ ಹಳೆಯ ಕೇಳುಗರು ‘ನಿಮ್ಮ ಊರಿನದು ಏನಾದರೂ ಇದೆಯಾ’ ಅಂತ ಕೇಳಿದರು. ಇಲ್ಲದೆ ಏನು! ಬಾಸ್ಟನ್‌ನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ಮಾಡಿದ ‘ಜ್ಯೋತಿ’ 1983ರಲ್ಲಿ ಇಸಿಎಂ ರೆಕಾರ್ಡ್ ಕಂಪನಿಯಿಂದ ಬಂತು. ಹಾಡಿದವರು ಆರ್. ಎ. ರಮಾಮಣಿ, ಮೃದಂಗ ಟಿ. ಎ. ಎಸ್. ಮಣಿ. ಅದರದೊಂದು ತುಂಡು ಹಾಕಿ, ಇಬ್ಬರ ಹೆಸರನ್ನೂ ಆಕಾಶವಾಣಿಯವರ ಹಾಗೆ ಬಿಡಿಸಿ ಹೇಳಿದೆ. ಆ ಕೇಳುಗರು ಮತ್ತೆ ಫೋನ್ ಮಾಡಿ ಮೃದಂಗದವರ ಹೆಸರಿನ ಸ್ಪೆಲಿಂಗ್ ಬರೆದುಕೊಂಡರು. ದುಡ್ಡೂ ಕೊಟ್ಟರು.

ಶಾಸ್ತ್ರೀಯ ಗಂಟೆಗೂ ಮೈಸೂರಿನ ದಾರಿ ಇದೆ. ಜಯಚಾಮರಾಜೇಂದ್ರ ಒಡೆಯರ್ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ರೆಕಾರ್ಡ್ ಆಗಲಿ ಅಂತ ಲಂಡನ್‌ನಲ್ಲಿ ಹಣ ಕೊಟ್ಟು ಮೆಟ್ನರ್ ಸೊಸೈಟಿ ನಡೆಯುವಂತೆ ಮಾಡಿದರು. ಪಿಯಾನೋ ನುಡಿಸಿದವರು ಮೆಟ್ನರ್ ಅವರೇ. ತಮ್ಮ ಮೂರನೇ ಪಿಯಾನೋ ಕನ್ಸರ್ಟೊವನ್ನು (ಪಿಯಾನೋ ಮತ್ತು ಆರ್ಕೆಸ್ಟ್ರಾಗೆ ಬರೆದ ಕೃತಿ) ಅವರು ಮಹಾರಾಜರಿಗೆ ಅರ್ಪಿಸಿದ್ದಾರೆ. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಸಿದಾಗ ಖರ್ಚಿಗೆ ಹಿಂದೆ ನಿಂತವರೂ ಮಹಾರಾಜರೇ. ಅಂದರೆ ಅಲ್ಲೂ ಪಕ್ಕದಲ್ಲಿ ಒಬ್ಬರಿದ್ದರು, ಅವರ ಹೆಸರನ್ನೂ ಹೇಳಬೇಕಲ್ವಾ?

ಮುಂದಿನ ಡ್ರೈವ್‌ಗೆ ಆ ಮೂರನೇ ಕನ್ಸರ್ಟೊ ಪೂರ್ತಿ ಹಾಕಬೇಕು ಅಂತಿದೆ. ಅರ್ಧ ಗಂಟೆ ಮೀರುತ್ತದೆ. ಅಷ್ಟು ಹೊತ್ತು ದುಡ್ಡು ಕೇಳದೆ ಇರುವುದಕ್ಕೆ ಪ್ರೋಗ್ರಾಂ ಮ್ಯಾನೇಜರ್ ಇನ್ನೂ ಒಪ್ಪಿಲ್ಲ.